ಒಂಬತ್ತು ಯೂರೋ ಬೇಸಿಗೆ, ಸೊನ್ನೆ ರೂಪಾಯಿ ಟಿಕೆಟ್

2022ರ ಬೇಸಿಗೆಯಲ್ಲಿ ಭಾರತವೂ ಜರ್ಮನಿಯೂ ಒಂದೇ ಜಗಳ ಆಡುತ್ತಿದ್ದವು, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ. ಜುಲೈ 16ರಂದು ಬುಂದೇಲಖಂಡ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸುತ್ತ ಪ್ರಧಾನಿ ಮೋದಿ ಓಟಿಗಾಗಿ ಬಿಟ್ಟಿ ಹಂಚುವ ‘ರೇವಡಿ ಸಂಸ್ಕೃತಿ’ಯ ಮಾತೆತ್ತಿದರು. ಮರುತಿಂಗಳು ಜರ್ಮನಿಯ ಅಂದಿನ ಹಣಕಾಸು ಸಚಿವ ಕ್ರಿಸ್ಟಿಯಾನ್ ಲಿಂಡ್ನರ್, ತಿಂಗಳಿಗೆ 9 ಯೂರೋದ ಬಸ್ಸು-ರೈಲು ಟಿಕೆಟನ್ನು ಮುಂದುವರಿಸಿ ಎಂದವರಿಗೆ ‘ಗ್ರಾಟಿಸ್‌ಮೆಂಟಾಲಿಟೇಟ್’ ಎಂದು ಚುಚ್ಚಿದರು. ನಮ್ಮ ಮಾತಿನಲ್ಲಿ ಅದು ಬಿಟ್ಟಿ ಚಟ. ಮಾರನೇ ವರ್ಷ, 2023ರ ಜೂನ್ 11ರಂದು, ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳ ಕೈಗೆ ಸೊನ್ನೆ ರೂಪಾಯಿ ಟಿಕೆಟ್ ಬಂತು, ಅದರ ಹಿಂದೆಯೇ ಅದೇ ಜಗಳವೂ ಬಂತು. ಎರಡೂ ಕಡೆ ವಾದ ಮಾಡಿದವರು ಲೆಕ್ಕ ಹಾಕಿದ್ದು ಖಜಾನೆಯದ್ದು, ಡೀಸೆಲ್‌ನದ್ದು, ನೂಕುನುಗ್ಗಲಿನದ್ದು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಆ ಟಿಕೆಟ್ ಹಿಡಿದು ಊರೂರು ಸುತ್ತಿದರೆ ಅವರ ತಲೆಯಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಬೇಸಿಗೆಯ ಏರ್ಪಾಡು ತೀರಾ ಸರಳವಾಗಿತ್ತು. ಜೂನ್, ಜುಲೈ, ಆಗಸ್ಟ್, ಮೂರೇ ತಿಂಗಳು. ತಿಂಗಳಿಗೆ 9 ಯೂರೋ ಕೊಟ್ಟರೆ ದೇಶದ ಯಾವುದೇ ಸಿಟಿ ಬಸ್ಸು, ಟ್ರ್ಯಾಮು, ಮೆಟ್ರೋ, ಪ್ರಾದೇಶಿಕ ರೈಲು. ಅಂದಿನ ಕನಿಷ್ಠ ಕೂಲಿಯ ಲೆಕ್ಕದಲ್ಲಿ ಒಂದು ಗಂಟೆ ದುಡಿದರೆ ಒಂದು ತಿಂಗಳ ತಿರುಗಾಟ. ಸುಮಾರು 5.2 ಕೋಟಿ ಟಿಕೆಟ್ ಖರ್ಚಾದವು. ಜರ್ಮನಿಯ ಸಿರಿವಂತರು ಬೇಸಿಗೆ ಕಳೆಯುವ ಉತ್ತರದ ಸಿಲ್ಟ್ ದ್ವೀಪಕ್ಕೆ ಬಣ್ಣದ ಜುಟ್ಟಿನ ಪಂಕ್ ಹುಡುಗರು ಅದೇ ಟಿಕೆಟ್‌ನಲ್ಲಿ ಹೋಗಿ ಪೇಟೆ ನಡುವೆ ಬಿಡಾರ ಹೂಡಿದರು. ದ್ವೀಪದವರಿಗೆ ಕಿರಿಕಿರಿಯಾಯಿತು, ದೇಶಕ್ಕೆಲ್ಲ ನಗು. ಆದರೆ ಆ ಊರಿಗೆ ಅಂಥವರು ಅಲ್ಲಿಯವರೆಗೆ ಏಕೆ ಹೋಗುತ್ತಿರಲಿಲ್ಲ ಎಂಬ ಪ್ರಶ್ನೆ ನಗುವಿನ ಅಡಿಯಲ್ಲಿ ಉಳಿದೇ ಉಳಿಯಿತು.

ಈಗಿರುವುದು ಅದರ ತಮ್ಮ, ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ 1ರಂದು 49 ಯೂರೋಗೆ ಶುರುವಾಗಿ, 2025ರಲ್ಲಿ 58 ಆಗಿ, 2026ರ ಜನವರಿಯಿಂದ 63ಕ್ಕೆ ಬಂದು ನಿಂತಿದೆ. 2026ರ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಅಂದರೆ ನಾಲ್ಕೂವರೆ ಗಂಟೆ ತಟ್ಟೆ ತೊಳೆದರೆ ಒಂದು ತಿಂಗಳು ದೇಶ ಸುತ್ತಬಹುದು. ವಿಶ್ವವಿದ್ಯಾಲಯ ಒಪ್ಪಂದ ಮಾಡಿಕೊಂಡಿದ್ದರೆ ವಿದ್ಯಾರ್ಥಿಗಳಿಗೆ ಇದೇ ಟಿಕೆಟ್ ಶೇ. 60ರ ದರಕ್ಕೆ ಸಿಗುತ್ತದೆ, ಅಂದರೆ 37.80 ಯೂರೋ. ಅದಕ್ಕೊಂದು ಕಟ್ಟಳೆ ಇದೆ: ಬಳಸಲಿ ಬಿಡಲಿ, ಅಲ್ಲಿನ ವಿದ್ಯಾರ್ಥಿಗಳೆಲ್ಲರೂ ಸೆಮಿಸ್ಟರ್ ಶುಲ್ಕದ ಜೊತೆ ಅದನ್ನು ಕಟ್ಟಬೇಕು. ಎಲ್ಲರೂ ಕಟ್ಟಿದ್ದಕ್ಕೇ ಎಲ್ಲರಿಗೂ ಅಗ್ಗ. ನಮ್ಮ ಊರಿನ ಜಾತ್ರೆಯ ವಂತಿಗೆಯಂತೆ.

ಈ ಟಿಕೆಟ್‌ನಲ್ಲಿ ಬೇಸಿಗೆ ತಿರುಗಾಟಕ್ಕೆ ಹೊರಡುವವರು ಎಡವುವ ಜಾಗಗಳು ಗೊತ್ತಿರುವಂಥವೇ. ಐಸಿಇ, ಐಸಿ, ಇಸಿ ಎಂಬ ವೇಗದ ರೈಲುಗಳಿಗೆ ಇದು ನಡೆಯದು. ಆರ್‌ಇ, ಆರ್‌ಬಿ, ಎಸ್ ಎಂದು ಶುರುವಾಗುವ ಪ್ರಾದೇಶಿಕ, ನಗರ ರೈಲುಗಳಿಗೆ ಮಾತ್ರ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಐಸಿಇ ನಾಲ್ಕು ಗಂಟೆ ಚಿಲ್ಲರೆಯಲ್ಲಿ ಹೋದರೆ, ಈ ಟಿಕೆಟ್‌ನವರಿಗೆ ಮೂರು ನಾಲ್ಕು ಕಡೆ ಇಳಿದು ಹತ್ತಿ ಒಂಬತ್ತು ಹತ್ತು ಗಂಟೆ ಹಿಡಿಯುತ್ತದೆ. ಆ್ಯಪ್ ತೋರಿಸುವ ಆರು ನಿಮಿಷದ ಬದಲಾವಣೆಯನ್ನು ನಂಬಿದರೆ ಕೆಟ್ಟೆವು ಅಂತಲೇ. ಹದಿನೈದು ನಿಮಿಷಕ್ಕಿಂತ ಕಡಿಮೆ ಬಿಡುವಿದ್ದರೆ ಮುಂದಿನ ರೈಲನ್ನೇ ಲೆಕ್ಕಕ್ಕೆ ಹಿಡಿಯಬೇಕು. ದಿನದ ಕೊನೆಯ ಗಾಡಿಗೆ ಎಂದೂ ಜೋತುಬೀಳಬಾರದು, ಅದಕ್ಕೂ ಹಿಂದಿನದನ್ನು ಹಿಡಿಯಬೇಕು. ಜರ್ಮನಿ ಅಂದರೆ ಗಡಿಯಾರ ಎಂದು ಇನ್ನೂ ನಂಬಿದವರಿಗೊಂದು ಮಾತು: 2024ರಲ್ಲಿ ಅಲ್ಲಿನ ಸರ್ಕಾರಿ ರೈಲ್ವೆ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು ಶೇ. 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ‘ಸಮಯಕ್ಕೆ ಸರಿ’ ಎಂದು ಎಣಿಸಿದ ಮೇಲೆ. ಬೇಸಿಗೆಯಲ್ಲೇ ಹಳಿ ದುರಸ್ತಿಯೂ ಜೋರು. ಹ್ಯಾಂಬರ್ಗ್–ಬರ್ಲಿನ್ ಮಾರ್ಗವನ್ನು 2025ರ ಆಗಸ್ಟ್ 1ರಿಂದ ತಿಂಗಳುಗಟ್ಟಲೆ ಮುಚ್ಚಿಯೇಬಿಟ್ಟರು. ‘ಎಸ್‌ಇವಿ’ ಎಂದು ಬರೆದಿದ್ದರೆ ರೈಲಿಲ್ಲ, ಬದಲಿ ಬಸ್ಸು ಎಂದರ್ಥ. ಆ ಬಸ್ಸು ನಿಲ್ದಾಣದ ಮುಂದೆಯೇ ನಿಲ್ಲುತ್ತದೆ ಎಂದೇನಿಲ್ಲ, ಕಾಲು ಕಿಲೋಮೀಟರ್ ಆಚೆ ಇದ್ದರೂ ಇರಬಹುದು. ಹಾಗಾಗಿ ಬದಲಿ ಬಸ್ಸಿನ ಫಲಕ ಹುಡುಕಲು ಹತ್ತು ನಿಮಿಷ ಬೇರೆ ಇಟ್ಟುಕೊಳ್ಳಬೇಕು.

ಇನ್ನೊಂದು ಮೋಸ ನಮ್ಮವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನಾವಿರುವ ಜರ್ಮನಿಯಲ್ಲಿ ಅನೇಕ ಪ್ರಾದೇಶಿಕ ರೈಲುಗಳು ದಾರಿ ಮಧ್ಯೆ ಹೋಳಾಗುತ್ತವೆ. ಮ್ಯೂನಿಕ್‌ನಿಂದ ದಕ್ಷಿಣದ ಬೆಟ್ಟಗಳ ಕಡೆ ಹೊರಡುವ ಗಾಡಿ ಹೋಲ್ಜ್‌ಕಿರ್ಷೆನ್‌ನಲ್ಲಿ ಒಮ್ಮೆ, ಶಾಫ್ಟ್‌ಲಾಖ್‌ನಲ್ಲಿ ಮತ್ತೊಮ್ಮೆ ತುಂಡಾಗಿ ಬೈರಿಷ್‌ಝೆಲ್, ಲೆಂಗ್ರೀಸ್, ಟೇಗರ್ನ್‌ಜೇ ಎಂದು ಮೂರು ದಿಕ್ಕಿಗೆ ಹೋಗುತ್ತದೆ. ಐವರು ಗೆಳೆಯರು ಓಡಿ ಬಂದು, ಸೀಟು ಸಿಕ್ಕಿತೆಂದು ಇಬ್ಬರು ಈ ಬೋಗಿಯಲ್ಲಿ, ಮೂವರು ಆ ಬೋಗಿಯಲ್ಲಿ ಕೂತರೆ, ಒಂದೇ ರೈಲು ಹತ್ತಿ ಎರಡು ಸರೋವರ ನೋಡಿದಂತೆ. ಬೋಗಿಯೊಳಗಿನ ಫಲಕದಲ್ಲಿ ಕೊನೆಯ ನಿಲ್ದಾಣದ ಹೆಸರು ಓದಿಯೇ ಕೂರಬೇಕು. ಪ್ರಾದೇಶಿಕ ರೈಲಿನಲ್ಲಿ ಸೀಟು ಕಾಯ್ದಿರಿಸುವುದಂತೂ ಸಾಮಾನ್ಯವಾಗಿ ಇಲ್ಲವೇ ಇಲ್ಲ. ಕಿಟಕಿಯಿಂದ ಟವೆಲ್ ಹಾಕುವ ನಮ್ಮ ಕಲೆಗೆ ಇಲ್ಲಿ ಜಾಗವಿಲ್ಲ, ಕಿಟಕಿ ತೆರೆಯುವುದೇ ಕಡಿಮೆ. (ಜರ್ಮನ್ನರೂ ಟವೆಲ್ ಹಾಕುವವರೇ. ಆದರೆ ರಜೆಗೆ ಹೋದ ಹೋಟೆಲಿನ ಈಜುಕೊಳದ ಕುರ್ಚಿಗೆ, ಬೆಳಗಿನ ಜಾವ ಎದ್ದು ಬಂದು. ನಮ್ಮವರು ಮಂತ್ರಿಗಿರಿಗೂ ಹಾಕುತ್ತಾರೆ.) ಟಿಕೆಟ್ ಹೆಸರಿನ ಮೇಲಿರುತ್ತದೆ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಜೊತೆಗೆ ಫೋಟೋ ಇರುವ ಗುರುತಿನ ಚೀಟಿ ಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ, ಹೆಚ್ಚೂಕಡಿಮೆ ಒಂದು ತಿಂಗಳ ಪಾಸಿನ ದುಡ್ಡು. ಫೋನ್ ಬ್ಯಾಟರಿ ಸತ್ತಿತು ಎಂಬುದು ತಪಾಸಕರ ಕಿವಿಗೆ ಬೀಳುವುದೇ ಇಲ್ಲ.

ಗಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಾಜಕೀಯ ಮೊದಲು ಮೈಗೆ ತಾಗುವುದೇ ಅಲ್ಲಿ. ಡಾಯ್ಚ್‌ಲಾಂಡ್ ಟಿಕೆಟ್ ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ಮುಖ್ಯ ನಿಲ್ದಾಣದವರೆಗೂ ನಡೆಯುತ್ತದೆ. ಹೋಗುವಾಗ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಮರಳುವಾಗ ಗಡಿಯಾಚೆಯ ಮೊದಲ ನಿಲ್ದಾಣ ಫ್ರೈಲಾಸಿಂಗ್‌ನಲ್ಲಿ ಪೊಲೀಸರು ಹತ್ತುತ್ತಾರೆ. 2015ರ ಶರತ್ಕಾಲದಿಂದ ಈ ಗಡಿಯಲ್ಲಿ ತಪಾಸಣೆ ಇದೆ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಿಗೂ ಅದನ್ನು ವಿಸ್ತರಿಸಿತು. ಗಡಿ ತಪಾಸಣೆ ಕೈಬಿಡುವ ಷೆಂಗೆನ್ ಒಪ್ಪಂದಕ್ಕೆ 1985ರ ಜೂನ್ 14ರಂದು ಮೊಸೆಲ್ ನದಿಯ ಹಡಗೊಂದರ ಮೇಲೆ ಸಹಿ ಬಿತ್ತು. ಅದಕ್ಕೆ ನಲವತ್ತು ತುಂಬುವ ಹೊತ್ತಿಗೆ ಅದೇ ನದಿಯ ಸೇತುವೆಗಳ ಮೇಲೂ ಪೊಲೀಸರು ನಿಂತಿದ್ದರು. ಬೋಗಿಯಲ್ಲಿ ಎಂಬತ್ತು ಜನ ಇದ್ದರೆ ಕಾಗದ ತೋರಿಸಬೇಕಾದವರು ಹೆಚ್ಚಾಗಿ ಕಂದು ಬಣ್ಣದವರು, ಕಪ್ಪು ಬಣ್ಣದವರು. ಬಣ್ಣ ನೋಡಿ ಕೇಳುವುದಿಲ್ಲ ಎಂಬುದು ಸರ್ಕಾರದ ಮಾತು. ಆ ಬೋಗಿಯಲ್ಲಿ ಒಮ್ಮೆ ಕೂತು ಬಂದವರು ಅದನ್ನು ನಂಬುವುದು ಕಷ್ಟ.

ಹಾಗಾಗಿ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡ್ ಎರಡೂ ಮೂಲದ್ದೇ ಜೇಬಿನಲ್ಲಿರಬೇಕು, ಫೋನಿನಲ್ಲಿರುವ ಫೋಟೋ ಸಾಲದು. ಜರ್ಮನಿಯ ಕಾರ್ಡ್ ಇದ್ದವರು ಉಳಿದ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ತಿರುಗಬಹುದು. 2025ರ ಜನವರಿ 1ರಿಂದ ರುಮೇನಿಯಾ, ಬಲ್ಗೇರಿಯಾಗಳೂ ಪೂರ್ತಿಯಾಗಿ ಒಳಗೆ ಬಂದಿವೆ. ಕಾರ್ಡ್ ನವೀಕರಣಕ್ಕೆ ಕೊಟ್ಟು ಕೈಯಲ್ಲಿ ತಾತ್ಕಾಲಿಕ ಕಾಗದ ಮಾತ್ರ ಇರುವವರು, ವಿದೇಶಿಯರ ಪರವಾನಗಿ ಕಚೇರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳದೆ ಗಡಿ ದಾಟಬಾರದು. ಆ ಕಾಗದದಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಎಂಬುದರ ಮೇಲೆ ಮರುಪ್ರವೇಶ ನಿಂತಿರುತ್ತದೆ. ಮಾಸ್ಟರ್ಸ್‌ನ ಮೊದಲ ಬೇಸಿಗೆ ಹೆಚ್ಚಾಗಿ ಹಾಳಾಗುವುದು ಇದೇ ಕಾರಣಕ್ಕೆ. ಕಚೇರಿಯ ಸರದಿ ಸಿಗಲು ವಾರಗಳು ಹಿಡಿಯುತ್ತವೆ, ರಜೆ ಅಷ್ಟರಲ್ಲಿ ಮುಗಿದಿರುತ್ತದೆ.

ಇಂಟರ್‌ರೇಲ್ ಪಾಸ್ ಕೊಳ್ಳುವವರಿಗೂ ಇದೇ ತರಹದ ಹಳ್ಳ ಕಾದಿದೆ. 1972ರಲ್ಲಿ 21 ವರ್ಷದೊಳಗಿನವರಿಗೆಂದು ಶುರುವಾದ ಈ ರೈಲು ಪಾಸು ಈಗ 33 ದೇಶಗಳಲ್ಲಿ ನಡೆಯುತ್ತದೆ. ಯುರೋಪಿನಲ್ಲಿ ಕಾಯ್ದೆಬದ್ಧವಾಗಿ ನೆಲೆಸಿದ ಭಾರತೀಯರೂ ಕೊಳ್ಳಬಹುದು, 27ರವರೆಗೆ ಯುವ ರಿಯಾಯಿತಿ ಇದೆ. ಆದರೆ ಪಾಸಿನ ನಕ್ಷೆ ಬೇರೆ, ವೀಸಾದ ನಕ್ಷೆ ಬೇರೆ. ಬ್ರಿಟನ್, ಐರ್ಲೆಂಡ್, ಟರ್ಕಿ ಪಾಸಿನಲ್ಲಿವೆ, ಷೆಂಗೆನ್‌ನಲ್ಲಿಲ್ಲ. ಫ್ರಾನ್ಸ್, ಸ್ಪೇನ್, ಇಟಲಿಯ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಬೇಸಿಗೆಯಲ್ಲಿ ಪಾಸಿನವರ ಪಾಲಿನ ಸೀಟು ಬೇಗ ಮುಗಿಯುತ್ತದೆ. ನಾವಿರುವ ದೇಶದೊಳಗೆ ಹೊರಗೆ ಹೋಗುವ ಮತ್ತು ಮರಳಿ ಬರುವ ಪ್ರಯಾಣಕ್ಕಷ್ಟೇ ಪಾಸು ಸಲ್ಲುತ್ತದೆ. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಹದಿನೆಂಟು ತುಂಬಿದಾಗ ಡಿಸ್ಕವರ್‌ಇಯು ಎಂಬ ಯೋಜನೆ ಇದೆ, 2018ರಿಂದ. ಪ್ರಶ್ನಾವಳಿ ತುಂಬಿ ಆಯ್ಕೆಯಾದರೆ ಯುರೋಪಿಯನ್ ಒಕ್ಕೂಟವೇ ರೈಲು ಪಾಸು ಕೊಡುತ್ತದೆ, ಗೆಳೆಯರ ಗುಂಪಾಗಿಯೂ ಅರ್ಜಿ ಹಾಕಬಹುದು. ವರ್ಷಕ್ಕೆ ಎರಡು ಸುತ್ತು ಬರುತ್ತದೆ. ತಂದೆತಾಯಿಗಳಿಗೇ ಇದು ಗೊತ್ತಿರುವುದಿಲ್ಲ, ಮಕ್ಕಳಿಗೆ ಯಾರು ಹೇಳಬೇಕು?

ಇನ್ನು ಗೆಳೆಯರು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸುರತ್ಕಲ್‌ನಲ್ಲೋ ಒಂದೇ ಬೆಂಚಿನಲ್ಲಿ ಕೂತವರು ಈಗ ಆಖೆನ್, ಐಂಡ್‌ಹೋವನ್, ಮಿಲಾನ್, ಲುಂಡ್ ಎಂದು ಚದುರಿದ್ದಾರೆ. ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬ ‘ಮಗಾ’ ಎಂದರೆ ಇನ್ನೊಬ್ಬ ‘ದೋಸ್ತಾ’, ಮತ್ತೊಬ್ಬಳು ‘ಎಂತ ಮಾರಾಯಾ’. ಬೇಸಿಗೆಯಲ್ಲಿ ಒಬ್ಬರ ಮನೆಗೊಬ್ಬರು ಹೋಗಿ ಬಂದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. ಆದರೆ ಇಲ್ಲಿನ ಹಂಚಿಕೆಯ ಮನೆಯಲ್ಲಿ ಮಲಗಲು ಅವನೊಬ್ಬನ ‘ಬಾರೋ’ ಸಾಕಾಗುವುದಿಲ್ಲ. ಅಡುಗೆಮನೆ, ಬಚ್ಚಲು ಹಂಚಿಕೊಂಡ ಉಳಿದ ಮೂವರ ಒಪ್ಪಿಗೆಯೂ ಬೇಕು. ಎರಡು ವಾರ ಮುಂಚೆ ಕೇಳಬೇಕು, ಎಷ್ಟು ರಾತ್ರಿ ಎಂದು ಸಂಖ್ಯೆ ಹೇಳಬೇಕು, ಹೊದಿಕೆ ಹಾಸಿಗೆ ಬಟ್ಟೆ ಒಯ್ಯಬೇಕು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮನೆಯಲ್ಲಿ ಸದ್ದು ಮಾಡಬಾರದು. ಹನ್ನೊಂದಕ್ಕೆ ಸಾಸಿವೆ ಸಿಡಿಸಿ ಒಗ್ಗರಣೆ ಕೊಟ್ಟರೆ ಹೊಗೆ ಎಚ್ಚರಿಕೆಯ ಯಂತ್ರವೂ ಹೊಡೆದುಕೊಳ್ಳುತ್ತದೆ. ಚಾವಣಿಯ ಆ ಬಿಳಿ ಡಬ್ಬಿ ಹೊಗೆಗೆಂದು ಇಟ್ಟದ್ದು, ನಮ್ಮ ಒಣಮೆಣಸಿನ ಘಾಟು ಅದಕ್ಕೆ ಅರ್ಥವಾಗದು. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು ಮೊಸರು ತಂದಿಡದವರು ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗೆ ಓಡಬೇಕು. ಒಮ್ಮೆ ಬಳಸುವ ಪ್ಲಾಸ್ಟಿಕ್ ನೀರಿನ ಬಾಟಲಿಯ ಮೇಲೆ 25 ಸೆಂಟ್ ಠೇವಣಿ ಇರುತ್ತದೆ, ನಾಲ್ಕು ಬಾಟಲಿ ಮರಳಿಸಿದರೆ ಒಂದು ಯೂರೋ.

ಖರ್ಚಿನ ಲೆಕ್ಕದಲ್ಲಿ ನನ್ನ ಓಟು ಜರ್ಮನ್ ಪದ್ಧತಿಗೆ. ‘ಈ ಸಲ ನಾನು, ಮುಂದಿನ ಸಲ ನೀನು’ ಎಂಬುದು ಒಂದೇ ಊರಿನಲ್ಲಿ ದಿನಾ ಸಿಗುವವರಿಗೆ ಸರಿ. ವರ್ಷಕ್ಕೊಮ್ಮೆ ಸಿಗುವವರಲ್ಲಿ, ಅದರಲ್ಲೂ ಒಬ್ಬ ಕೆಲಸಕ್ಕೆ ಸೇರಿ ಇನ್ನೊಬ್ಬ ಇನ್ನೂ ಓದುತ್ತಿರುವಾಗ, ಆ ‘ಮುಂದಿನ ಸಲ’ ಬರುವುದೇ ಇಲ್ಲ. ಅಂದಂದಿನದ್ದು ಅಂದೇ ಪಾಲು ಹಾಕಿದರೆ ಮುಗಿಯಿತು. ಮೊದಮೊದಲು ಕಸಿವಿಸಿ, ನಾಲ್ಕನೆಯ ದಿನಕ್ಕೆ ನೆಮ್ಮದಿ. ಆದರೆ ಊಟದ ವಿಷಯದಲ್ಲಿ ನಮ್ಮದೇ ಮೇಲು. ಮನೆಗೆ ಬಂದವರಿಗೆ ಬಡಿಸಿದ್ದನ್ನು ಲೆಕ್ಕದ ಆ್ಯಪ್‌ಗೆ ಹಾಕುವವರನ್ನು ಗೆಳೆಯರೆಂದು ಕರೆಯಲು ಕನ್ನಡದವರಿಗೆ ಇನ್ನೂ ಬಾಯಿ ಬಂದಿಲ್ಲ.

ಹಳೆಯ ಗೆಳೆಯರಲ್ಲಿ ರಾಜಕೀಯ ಮಾತು ಕೆಡುವುದು ಹೆಚ್ಚಾಗಿ ಫೋನಿನಲ್ಲಿ. ಅಲ್ಲಿ ಫಾರ್ವರ್ಡ್ ಮಾಡಿದ್ದಕ್ಕೆ ಫಾರ್ವರ್ಡೇ ಉತ್ತರ. ಎದುರುಬದುರು ನಾಲ್ಕು ಸೀಟಿನಲ್ಲಿ ನಾಲ್ಕು ಗಂಟೆ ಕೂತಾಗ ಅದೇ ಜಗಳ ನಿಧಾನವಾಗುತ್ತದೆ, ನಡುವೆ ಚಕ್ಕುಲಿ ಡಬ್ಬಿ ತೆರೆಯುತ್ತದೆ. ಇಲ್ಲಿನ ಒಂದು ಉಪಾಯವನ್ನು ನಮ್ಮವರು ಕದಿಯಬೇಕು. ವಾಲ್-ಓ-ಮಾಟ್ ಎಂಬುದೊಂದಿದೆ, 2002ರಿಂದ. ನಾಗರಿಕ ಶಿಕ್ಷಣದ ಸರ್ಕಾರಿ ಸಂಸ್ಥೆ ನಡೆಸುತ್ತದೆ. ಹೊಸ ಮತದಾರರಾದ ಯುವಕ ಯುವತಿಯರ ತಂಡವೊಂದು ತಜ್ಞರ ಜೊತೆ ಕೂತು ಹೇಳಿಕೆಗಳನ್ನು ಬರೆಯುತ್ತದೆ, ಅವು ಪಕ್ಷಗಳಿಗೆ ಹೋಗುತ್ತವೆ. ‘ಒಪ್ಪುತ್ತೇವೆ, ಒಪ್ಪುವುದಿಲ್ಲ, ತಟಸ್ಥ’ ಎಂದು ಪಕ್ಷಗಳೇ ಉತ್ತರಿಸಿ ಕಾರಣ ಬರೆದುಕೊಡಬೇಕು. ಜನರಿಗೆ ಸಿಗುವುದು 38 ಹೇಳಿಕೆ. ನಾವೂ ಹಾಗೇ ಉತ್ತರಿಸಿ, ನಮಗೆ ಮುಖ್ಯವೆನಿಸಿದವಕ್ಕೆ ದುಪ್ಪಟ್ಟು ತೂಕ ಕೊಟ್ಟರೆ, ಯಾವ ಪಕ್ಷದ ಜೊತೆ ಎಷ್ಟು ಹೊಂದಾಣಿಕೆ ಎಂದು ತೋರಿಸುತ್ತದೆ. ನಾಲ್ಕು ಗೆಳೆಯರು ಬೇರೆ ಬೇರೆ ಕೂತು ಉತ್ತರಿಸಿ ಆಮೇಲೆ ಹೋಲಿಸಿದರೆ ತಮಾಷೆಯೋ ತಮಾಷೆ. ತಾನು ಬೈಯುವ ಪಕ್ಷದ ಜೊತೆಗೇ ಅರ್ಧಕ್ಕರ್ಧ ಹೊಂದಿದ್ದು ನೋಡಿ ಬೆಪ್ಪಾದವರು ಬಹಳ ಜನ.

ಕರ್ನಾಟಕಕ್ಕೆ ಇಂಥದ್ದೊಂದು ಮಾಡಲು ತಂತ್ರಜ್ಞಾನದ ಅಡ್ಡಿಯಿಲ್ಲ. ಅಡ್ಡಿ ಇರುವುದು ದಿನಾಂಕದಲ್ಲಿ. 2023ರ ವಿಧಾನಸಭಾ ಚುನಾವಣೆಯ ಮತದಾನ ಮೇ 10ಕ್ಕೆ. ಬಿಜೆಪಿ ಪ್ರಣಾಳಿಕೆ ಬಂದದ್ದು ಮೇ 1ಕ್ಕೆ, ಕಾಂಗ್ರೆಸ್‌ದು ಮೇ 2ಕ್ಕೆ. ಎಂಟು ಒಂಬತ್ತು ದಿನದಲ್ಲಿ ಅದನ್ನು ಓದಿ, ಹೇಳಿಕೆ ಹೆಕ್ಕಿ, ಪಕ್ಷಗಳಿಂದ ಸಹಿ ಹಾಕಿದ ಉತ್ತರ ತರಿಸುವುದು ಯಾರಿಂದಾದೀತು? ಎರಡನೆಯ ತೊಡಕು ನಮ್ಮ ಮಾತಿನ ರೀತಿಯದ್ದು. ನಮ್ಮ ಬಸ್ಸಿನ ಸಂಭಾಷಣೆ ‘ಯಾವೂರು?’ ಎಂದು ಶುರುವಾಗಿ ‘ಯಾರ ಪೈಕಿ?’ ಎಂಬಲ್ಲಿಗೆ ಹತ್ತು ನಿಮಿಷದಲ್ಲಿ ಮುಟ್ಟುತ್ತದೆ. ಅಲ್ಲಿಂದಾಚೆಗೆ ಯಾರಿಗೆ ಓಟು ಎಂದು ಕೇಳಬೇಕಾದ್ದೇ ಇಲ್ಲ, ಊಹಿಸಿಯಾಗಿರುತ್ತದೆ. ಇಲ್ಲಿ ಪಕ್ಕದಲ್ಲಿ ಕೂತವರು ನಾಲ್ಕು ಗಂಟೆ ಮಾತೇ ಆಡುವುದಿಲ್ಲ. ಆಡಿದರೆ ‘ಎಲ್ಲಿಯವರು?’, ಮ್ಯೂನಿಕ್ ಎಂದರೆ ‘ಅಲ್ಲ, ನಿಜವಾಗಿ ಎಲ್ಲಿಯವರು?’. ಕೇಳುವ ಧಾಟಿ ಬೇರೆ, ಇಬ್ಬರೂ ಹುಡುಕುವುದು ಒಂದನ್ನೇ.

ಮತದಾರರ ಪಟ್ಟಿಯ ವಿಷಯದಲ್ಲಿ ಮಾತ್ರ ಎರಡೂ ಕಡೆಗೆ ಆಕಾಶ ಭೂಮಿ ಅಂತರ. ಜರ್ಮನಿಯಲ್ಲಿ ಮನೆ ಬದಲಿಸಿದವರು ಎರಡು ವಾರದೊಳಗೆ ಪುರಸಭೆಯಲ್ಲಿ ವಿಳಾಸ ಬರೆಸಬೇಕು. ಅದೇ ದಾಖಲೆಯಿಂದ ಮತದಾರರ ಪಟ್ಟಿ ತಾನಾಗಿ ತಯಾರಾಗುತ್ತದೆ, ಚುನಾವಣೆಗೆ ಮುಂಚೆ ಅಂಚೆಯಲ್ಲಿ ಸೂಚನೆ ಬರುತ್ತದೆ. ಮತದಾನ ಭಾನುವಾರ ಅಥವಾ ರಜಾದಿನವೇ ಆಗಿರಬೇಕೆಂದು ಕಾಯ್ದೆಯಿದೆ. 2025ರ ಫೆಬ್ರವರಿ 23ರ ಸಂಸತ್ ಚುನಾವಣೆಯಲ್ಲಿ ಶೇ. 82.5 ಜನ ಮತ ಹಾಕಿದರು. 2024ರ ಏಪ್ರಿಲ್ 26, ಶುಕ್ರವಾರ, ಬೆಂಗಳೂರು ನಗರದ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಅದು ಶೇ. 53–54ರ ಆಸುಪಾಸು. ‘ಶುಕ್ರವಾರ ರಜೆ ಕೊಟ್ಟರೆ ಕೂರ್ಗಿಗೆ ಹೋಗುತ್ತಾರೆ’ ಎಂದು ಯುವಕರನ್ನು ಬೈಯುವುದು ಸುಲಭ. ಆದರೆ ಪಿಜಿಯಿಂದ ಪಿಜಿಗೆ ಅಲೆಯುವ ಇಪ್ಪತ್ತೆರಡರ ಹುಡುಗಿಯ ಹೆಸರು ಇನ್ನೂ ದಾವಣಗೆರೆಯ ಪಟ್ಟಿಯಲ್ಲೇ ಇರುತ್ತದೆ. ಅದನ್ನು ವರ್ಗಾಯಿಸಲು ನಮೂನೆ 8 ತುಂಬಬೇಕು, ಹೊಸದಾಗಿ ಸೇರಲು ನಮೂನೆ 6. ಈಗ ಅರ್ಹತಾ ದಿನಾಂಕ ವರ್ಷಕ್ಕೊಂದಲ್ಲ, ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಪಿಜಿಯ ಮಾಲೀಕರು ವಿಳಾಸದ ಕಾಗದ ಕೊಡಲು ಹಿಂಜರಿಯುತ್ತಾರೆ, ಎಲ್ಲ ನಿಂತುಹೋಗುವುದು ಅಲ್ಲೇ.

ನಮ್ಮಂಥ ಹೊರನಾಡಿನವರದ್ದು ಇನ್ನೂ ವಿಚಿತ್ರ. ಇಲ್ಲಿ ತೆರಿಗೆ ಕಟ್ಟುತ್ತೇವೆ, ಪುರಸಭೆಗೂ ಓಟಿಲ್ಲ. ವಿದೇಶಿಯರಿಗೆ ಸ್ಥಳೀಯ ಮತದ ಹಕ್ಕು ಕೊಡಲು ಹೊರಟಿದ್ದ ಷ್ಲೆಸ್‌ವಿಗ್-ಹೋಲ್‌ಸ್ಟೈನ್ ಮತ್ತು ಹ್ಯಾಂಬರ್ಗ್‌ನ ಕಾಯ್ದೆಗಳನ್ನು ಸಾಂವಿಧಾನಿಕ ನ್ಯಾಯಾಲಯ 1990ರಲ್ಲಿ ರದ್ದು ಮಾಡಿತು. ಆಮೇಲೆ ಯುರೋಪಿಯನ್ ಒಕ್ಕೂಟದ ನಾಗರಿಕರಿಗೆ ಮಾತ್ರ ಆ ಬಾಗಿಲು ತೆರೆಯಿತು. ಐದು ವರ್ಷ ಕಳೆದು ಜರ್ಮನ್ ಪೌರತ್ವ ಪಡೆದರೆ ಓಟು ಸಿಗುತ್ತದೆ. 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವಕ್ಕೂ ಒಪ್ಪಿದೆ, ಒಪ್ಪದಿರುವುದು ಭಾರತ. ಪರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಬರುತ್ತದೆ, ಊರಿನ ಓಟು ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರಿಗೆ ನಮೂನೆ 6ಎ ಇದೆ. ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲೇ ಅರ್ಜಿ, ಜೊತೆಗೆ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಪ್ರತಿ. ಮತಗಟ್ಟೆ ಅಧಿಕಾರಿ ಊರಿನ ಮನೆಗೆ ಬಂದು ವಿಚಾರಿಸುತ್ತಾರೆ. ಹಳೆಯ ಮತದಾರರ ಚೀಟಿ ಇದ್ದರೆ ಮರಳಿಸಬೇಕು, ಹೊಸದು ಕೊಡುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಅಂಚೆಯಲ್ಲಿ ಮತ ಹಾಕಬಹುದೇ? ಇಲ್ಲ. ಮೂಲ ಪಾಸ್‌ಪೋರ್ಟ್ ಹಿಡಿದು ಅದೇ ಊರಿನ ಅದೇ ಶಾಲೆಯ ಕೊಠಡಿಯೆದುರು ಸಾಲಿನಲ್ಲಿ ನಿಲ್ಲಬೇಕು. ವಿಮಾನದ ಟಿಕೆಟ್ ಇಲ್ಲಿ ಓಟಿನ ದರ. ಜರ್ಮನ್ನರದ್ದೂ ಹೂವಿನ ಹಾಸಿಗೆಯಲ್ಲ. ಅವಧಿಗೆ ಮುನ್ನ ಬಂದ 2025ರ ಆ ಚುನಾವಣೆಯಲ್ಲಿ ದೂರದೇಶಗಳಲ್ಲಿದ್ದ ಎಷ್ಟೋ ಜರ್ಮನ್ನರಿಗೆ ಮತಪತ್ರದ ಲಕೋಟೆ ತಲುಪಿದ್ದೇ ತಡವಾಗಿ. ಆದರೂ ಲಕೋಟೆ ಎಂಬುದೊಂದು ಇತ್ತಲ್ಲ.

ಪ್ರಾದೇಶಿಕ ರೈಲಿನಲ್ಲಿ ಹೋಗುವವರು ಹೋಫ್ ಪಟ್ಟಣದಲ್ಲಿಳಿದು ಮೋಡ್ಲಾರಾಯ್ಟ್ ಎಂಬ ಪುಟ್ಟ ಹಳ್ಳಿ ನೋಡಬೇಕು. ಐವತ್ತು ಜನರೂ ಇರಲಿಕ್ಕಿಲ್ಲ. ನಡುವೆ ಟಾನ್‌ಬಾಖ್ ಎಂಬ ತೊರೆ, ನಮ್ಮ ಕಡೆ ಅದಕ್ಕೆ ಹಳ್ಳ ಎನ್ನುವುದೂ ಹೆಚ್ಚು. ಆ ತೊರೆಯೇ ಎರಡು ಜರ್ಮನಿಗಳ ಗಡಿಯಾಗಿತ್ತು. 1966ರಲ್ಲಿ ಸುಮಾರು 700 ಮೀಟರ್ ಕಾಂಕ್ರೀಟ್ ಗೋಡೆಯೂ ಎದ್ದಿತು. ಅಮೆರಿಕನ್ ಸೈನಿಕರು ‘ಪುಟ್ಟ ಬರ್ಲಿನ್’ ಎಂದರು. ಗೋಡೆಯ ತುಂಡು, ಕಾವಲು ಗೋಪುರ ಇಂದಿಗೂ ಇವೆ. ಗೋಡೆ ಬಿದ್ದು ಮೂರೂವರೆ ದಶಕ ಕಳೆದರೂ ತೊರೆಯ ಈಚೆ ಬವೇರಿಯಾ, ಆಚೆ ತುರಿಂಗಿಯಾ. ಪಿನ್‌ಕೋಡ್ ಬೇರೆ, ಫೋನಿನ ಕೋಡ್ ಬೇರೆ, ನಮಸ್ಕಾರ ಹೇಳುವ ಮಾತೂ ಬೇರೆ. ಶಾಲೆಯ ಬೇಸಿಗೆ ರಜೆಯೂ ಒಟ್ಟಿಗೆ ಬರುವುದಿಲ್ಲ. ದೇಶವೆಲ್ಲ ಒಂದೇ ದಿನ ರಸ್ತೆಗಿಳಿಯಬಾರದೆಂದು ರಾಜ್ಯಗಳು ರಜೆಯನ್ನು ಸರದಿಯಲ್ಲಿ ಹಂಚಿಕೊಂಡಿವೆ, ಬವೇರಿಯಾದ್ದು ಮಾತ್ರ ಯಾವಾಗಲೂ ಕೊನೆಗೆ, ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ. ಆದರೆ ಟಿಕೆಟ್ ತೊರೆಯ ಎರಡೂ ದಡದಲ್ಲಿ ಒಂದೇ.

ಇಲ್ಲಿ ಮಂಗಳೂರಿನಾಚೆ ಕೇರಳದ ಗಡಿಯಲ್ಲಿರುವ ತಲಪಾಡಿ ನೆನಪಾಗದ ಕನ್ನಡಿಗರಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ ಕಡತದಲ್ಲೇ ಉಳಿಯಿತು. ಅಲ್ಲಿನ ಕನ್ನಡದ ಹುಡುಗಿ ದಿನಾ ಮಂಗಳೂರಿಗೆ ಕಾಲೇಜಿಗೆ ಬಂದರೂ ಅವಳ ಆಧಾರ್ ವಿಳಾಸ ಕೇರಳದ್ದು. ಶಕ್ತಿ ಟಿಕೆಟ್ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಳೆದು ಬೇಸಿಗೆಗೆ ಅಜ್ಜಿಯ ಊರಿಗೆ ಬರುವ ಹುಡುಗಿಗೂ ಅದಿಲ್ಲ. ಜರ್ಮನಿಯ ಟಿಕೆಟ್ ಕೊಳ್ಳಲು ದುಡ್ಡು ಬೇಕು, ಆದರೆ ಅದು ‘ನೀನು ಗಂಡೋ ಹೆಣ್ಣೋ, ಯಾವ ದೇಶದವನು, ಯಾವ ವಿಳಾಸ’ ಎಂದು ಕೇಳುವುದಿಲ್ಲ. ನಮ್ಮದು ದುಡ್ಡು ಕೇಳುವುದಿಲ್ಲ, ಉಳಿದದ್ದೆಲ್ಲ ಕೇಳುತ್ತದೆ. ಶಕ್ತಿಯನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. 2025ರ ಜುಲೈಗೆ 500 ಕೋಟಿ ಸೊನ್ನೆ ಟಿಕೆಟ್ ಹರಿದಿವೆ. ಮನೆಯಲ್ಲಿ ದುಡ್ಡು ಕೇಳಿ, ಕಾರಣ ಹೇಳಿ ಹೊರಡಬೇಕಿದ್ದ ಹೆಣ್ಣುಮಕ್ಕಳಿಗೆ ಆ ಚೀಟಿ ಏನು ಮಾಡಿದೆ ಎಂದು ಧರ್ಮಸ್ಥಳದ ಬಸ್ಸನ್ನೊಮ್ಮೆ ಹತ್ತಿದವರಿಗೆ ಗೊತ್ತು. ಕರಾವಳಿಯಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯಭಾರವಾದ್ದರಿಂದ ಅಲ್ಲಿನ ಹೆಂಗಸರಿಗೆ ಅಷ್ಟು ದಕ್ಕಿಲ್ಲ ಎಂಬುದೂ ಅಷ್ಟೇ ನಿಜ.

ನನ್ನ ಬೇಡಿಕೆ ಸಣ್ಣದು. ಏಪ್ರಿಲ್–ಮೇ ಎರಡು ತಿಂಗಳು, 18ರಿಂದ 23ರ ಎಲ್ಲರಿಗೂ, ಗಂಡು ಹೆಣ್ಣು ವಿಳಾಸ ಕೇಳದೆ, ನಾಲ್ಕೂ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸಿಗೆ ನಡೆಯುವ ಒಂದು ಪಾಸು. ಬಿಟ್ಟಿ ಬೇಡ, ಬೆಲೆ ಇರಲಿ. ವಿದ್ಯಾರ್ಥಿ ಪಾಸು ಈಗ ಮನೆಯಿಂದ ಕಾಲೇಜಿಗೆ ಗೆರೆ ಎಳೆದ ದಾರಿಯಲ್ಲಷ್ಟೇ ನಡೆಯುತ್ತದೆ. ಮಂಡ್ಯದ ಹುಡುಗ ಬೀದರ್ ನೋಡದೆ ‘ಕಲ್ಯಾಣ ಕರ್ನಾಟಕಕ್ಕೆ ಏಕೆ ವಿಶೇಷ ಸ್ಥಾನ’ ಎಂದು ಕೇಳುತ್ತಾನೆ. ಯಾದಗಿರಿಯ ಹುಡುಗಿ ಕೊಡಗು ನೋಡದೆ ಕಾವೇರಿಯ ಬಗ್ಗೆ ಮಾತಾಡುತ್ತಾಳೆ. ಒಂದೊಂದು ಬೇಸಿಗೆ ಬಸ್ಸಿನಲ್ಲಿ ಕೂತರೆ ಇಬ್ಬರ ಪ್ರಶ್ನೆಯೂ ಬದಲಾಗುತ್ತದೆ.

ಆ ಪಾಸು ಬರುವವರೆಗೆ ರೈಲ್ವೆಯ ವೃತ್ತಾಕಾರದ ಪ್ರಯಾಣದ ಟಿಕೆಟ್ ಇದ್ದೇ ಇದೆ, ಕೇಳುವವರು ಕಡಿಮೆ. ಹೊರಟ ನಿಲ್ದಾಣಕ್ಕೇ ಮರಳಬೇಕು, ನಡುವೆ ಎಂಟು ಕಡೆಯವರೆಗೆ ಇಳಿದು ಉಳಿಯಬಹುದು. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ಮೊದಲು ದಾರಿಯ ಪಟ್ಟಿ ಬರೆದು ವಿಭಾಗೀಯ ವಾಣಿಜ್ಯ ಕಚೇರಿಯಲ್ಲಿ ಒಪ್ಪಿಗೆ ಪಡೆಯಬೇಕು, ಆಮೇಲೆ ಒಂದೊಂದು ಹಂತಕ್ಕೂ ಬರ್ತ್ ಬೇರೆಯಾಗಿ ಕಾಯ್ದಿರಿಸಬೇಕು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60ಕ್ಕೆ ಇಳಿದಿದೆ. ಅದನ್ನು ಲೆಕ್ಕಕ್ಕಿಟ್ಟುಕೊಂಡು ಹಂತಗಳ ದಿನಾಂಕ ಹೊಂದಿಸಬೇಕು.

ಇಲ್ಲಿಂದ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಮಾತ್ರ ಆ ಏಪ್ರಿಲ್–ಮೇ ಸಿಗುವುದಿಲ್ಲ. ಜರ್ಮನಿಯ ಪರೀಕ್ಷೆ ಮುಗಿಯುವುದು ಜುಲೈ ಕೊನೆಗೆ, ಊರಿನಲ್ಲಿ ಆಗ ಆಟಿ ಮಳೆ. ಹಳೆಯ ಗೆಳೆಯರನ್ನು ಕೂಡಿಕೊಂಡು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗ ನೋಡುವ ಆಸೆ ಇದ್ದರೆ ಟಿಕೆಟ್ ಜೊತೆ ಇನ್ನೊಂದು ದಾರಿಯನ್ನೂ ಯೋಚಿಸಿಟ್ಟಿರಬೇಕು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಹತ್ತಿರ ಗುಡ್ಡ ಜರಿದು ರೈಲುಗಳೇ ನಿಂತಿದ್ದವು, ಅದೇ ಮಳೆಗೆ ಶಿರಾಡಿ ರಸ್ತೆಯೂ ನೆಚ್ಚಲಾಗದು. ಊರಿಗೆ ಹೊರಡುವ ಮುಂಚೆ ಇಲ್ಲಿಯದ್ದೂ ಒಂದು ಕೆಲಸವಿದೆ. ಡಾಯ್ಚ್‌ಲಾಂಡ್ ಟಿಕೆಟ್ ಚಂದಾ ಲೆಕ್ಕದ್ದು, ಬಳಸದಿದ್ದರೂ ಬ್ಯಾಂಕಿನಿಂದ ತಾನಾಗಿ ಹಣ ಹೋಗುತ್ತಿರುತ್ತದೆ. ನಿಲ್ಲಿಸುವ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಆಗಸ್ಟ್ 11ಕ್ಕೆ ನೆನಪಾದರೆ ಸೆಪ್ಟೆಂಬರಿನ 63 ಯೂರೋ ಕೂಡ ಕೈಬಿಟ್ಟಂತೆಯೇ.